ಎಲ್‌ಸಿ3 ಬ್ಯಾಂಡ್ ಕೊನೆಗೂ ಮಾತನಾಡಿತು

ಶಿವಮೊಗ್ಗದಲ್ಲಿ ಕುಳಿತು ಆಟೋಫಜಿ, ಅಂದರೆ ಕೋಶ ತನ್ನದೇ ಭಾಗಗಳನ್ನು ತಿಂದು ಕರಗಿಸಿಕೊಳ್ಳುವುದನ್ನು, ಅಳೆಯುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯರು ನಂಬಲಿಲ್ಲ. ಮೂರು ವರ್ಷ ಹಿಡಿಯಿತು, ನಿಜ. ಆದರೆ ಈಗ ಸಿಎಂಎಲ್ ಎಂಬ ರಕ್ತ ಕ್ಯಾನ್ಸರಿನ ಕೆ562 ಕೋಶಗಳಲ್ಲಿ, ಅದೇ ರೋಗದ ಮಾತ್ರೆಯಾದ ಇಮ್ಯಾಟಿನಿಬ್ ಆಟೋಫಜಿಯನ್ನು ಏರಿಸುವುದನ್ನು ಸತತ ಐದು ಬಾರಿ ತೋರಿಸಿದ್ದೇನೆ.

ಮೊದಲ ವರ್ಷವಿಡೀ ನನ್ನನ್ನು ದಾರಿ ತಪ್ಪಿಸಿದ್ದು ಗಾಢವಾದ ಎಲ್‌ಸಿ3-2 ಬ್ಯಾಂಡ್. ಎಲ್‌ಸಿ3-2 ಎಂದರೆ ತಿನ್ನಬೇಕಾದ್ದನ್ನು ಸುತ್ತಿಕೊಳ್ಳುವ ಚೀಲಗಳಿಗೆ ಅಂಟಿಕೊಂಡಿರುವ ಪ್ರೋಟೀನ್; ಜೆಲ್ಲಿನಲ್ಲಿ ಬೇರ್ಪಡಿಸಿ, ಮೆಂಬ್ರೇನಿಗೆ ಇಳಿಸಿ, ಆ್ಯಂಟಿಬಾಡಿಯಿಂದ ಗುರುತಿಸಿದಾಗ ಗೆರೆಯಾಗಿ ಕಾಣುತ್ತದೆ. ಚೀಲಗಳು ಹೆಚ್ಚು ಹುಟ್ಟಿದರೂ ಅದು ಗಾಢವಾಗುತ್ತದೆ; ಕೋಶದ ಜೀರ್ಣಚೀಲವಾದ ಲೈಸೋಸೋಮಿನಲ್ಲಿ ಕರಗದೆ ಕಟ್ಟಿಕೊಂಡರೂ ಗಾಢವಾಗುತ್ತದೆ. ಹಾಗಾಗಿ ಈಗ, ಆ ಕರಗುವಿಕೆಯನ್ನು ತಡೆಯುವ ಬ್ಯಾಫಿಲೋಮೈಸಿನ್ ಇಲ್ಲದ ಜೆಲ್ಲನ್ನು ಓಡಿಸುವುದೇ ಇಲ್ಲ. ಇಮ್ಯಾಟಿನಿಬ್ 1 ಮೈಕ್ರೋಮೋಲಾರ್, 24 ಗಂಟೆ. ಬ್ಯಾಫಿಲೋಮೈಸಿನ್ 100 ನ್ಯಾನೋಮೋಲಾರ್, ಕೊನೆಯ ಎರಡು ಮೂರು ಗಂಟೆ ಮಾತ್ರ. ಬ್ಯಾಫಿಲೋಮೈಸಿನ್ ಒಂದೇ ಇರುವ ಲೇನಿಗಿಂತ (ಜೆಲ್ಲಿನ ಸಾಲಿಗಿಂತ) ಎರಡೂ ಸೇರಿದ ಲೇನ್ ಗಾಢವಾಗಿದ್ದರೆ ಮಾತ್ರ ನಾನು ಒಪ್ಪುತ್ತೇನೆ: ಕರಗುವಿಕೆ ಎರಡರಲ್ಲೂ ನಿಂತಿರುವಾಗ ಹೆಚ್ಚಾದದ್ದು ಹೊಸದಾಗಿ ಹುಟ್ಟಿದ ಚೀಲಗಳಿಂದ.

ಹಣ ಹೋದದ್ದು ಹೆಚ್ಚಾಗಿ ಆ್ಯಂಟಿಬಾಡಿಗೆ. ನಲವತ್ತು ಸಾವಿರದ ಆಸುಪಾಸಿನ ಮೊದಲ ಶೀಷೆ ಹಬ್ಬದ ರಜೆಯಲ್ಲಿ ಕೊರಿಯರ್ ಕಚೇರಿಯಲ್ಲೇ ನಾಲ್ಕು ದಿನ ಉಳಿದು ಹಾಳಾಯಿತು. ಎರಡನೆಯದು ಚೆನ್ನಾಗಿತ್ತು, ಬ್ಯಾಂಡ್ ಮಾತ್ರ ಇಲ್ಲ. 0.45 ಮೈಕ್ರಾನ್ ರಂಧ್ರದ ಮೆಂಬ್ರೇನಿನ ಮೂಲಕ ಇಷ್ಟು ಚಿಕ್ಕ ಪ್ರೋಟೀನ್ ಹಾದುಹೋಗುತ್ತಿತ್ತು. 0.2ರ ಪಿವಿಡಿಎಫ್ ಮೆಂಬ್ರೇನಿಗೆ ಬದಲಿಸಿದ ದಿನವೇ ಕಂಡಿತು. ಆ್ಯಂಟಿಬಾಡಿಯನ್ನು ಏಳು ಬಾರಿ ಮರುಬಳಸುವ ವಿಧಾನವನ್ನೂ ಕಂಡುಕೊಂಡಿದ್ದೇನೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಜುಲೈ ಮಳೆಗೆ ವಿದ್ಯುತ್ ಒಂಬತ್ತು ಗಂಟೆ ಹೋಗಿ ಇನ್‌ಕ್ಯುಬೇಟರಿನಲ್ಲಿದ್ದ ಕೋಶಗಳೆಲ್ಲ ಸತ್ತವು. ಹೆಪ್ಪುಗಟ್ಟಿಸಿಟ್ಟವು ಉಳಿದವು. ದನಗಳ ಕೃತಕ ಗರ್ಭಧಾರಣೆಗೆ ದ್ರವ ಸಾರಜನಕ ತರುವವರೇ ನಮ್ಮ ಕ್ಯಾನನ್ನೂ ತುಂಬಿಸಿಕೊಡುತ್ತಾರೆ. ಅವರ ಉಪಕಾರ ದೊಡ್ಡದು.

ನಡುವೆ ತೀರ್ಥಹಳ್ಳಿಯಿಂದ ಅಡಿಕೆ ಬೇಯಿಸಿ ಉಳಿದ ಚೊಗರು ತಂದು ಕೋಶಗಳಿಗೆ ಹಾಕಿ ನೋಡಿದೆ. ಅದರ ಟ್ಯಾನಿನ್ನಿಗೆ ಕೋಶ ಬೆಳೆಸುವ ದ್ರವದಲ್ಲಿದ್ದ ಸೀರಮ್ಮಿನ ಪ್ರೋಟೀನ್ ಗಟ್ಟಿಕಟ್ಟಿ ಎಲ್ಲ ಮುದ್ದೆಯಾಯಿತು. ಎರಡು ವಾರ ವ್ಯರ್ಥ. ಟ್ಯಾನಿನ್ ತೆಗೆದು ಮತ್ತೊಮ್ಮೆ ನೋಡುವ ಆಸೆ ಇನ್ನೂ ಇದೆ.

ಆಟೋಫಜಿಯನ್ನು ಲೈಸೋಸೋಮಿನಲ್ಲಿ ತಡೆಯುವ ಕ್ಲೋರೋಕ್ವಿನ್ ಸೇರಿಸಿದ ಪ್ರಯೋಗ ಮಾತ್ರ ನನ್ನ ನಿದ್ದೆಗೆಡಿಸಿದೆ. 48 ಗಂಟೆಗಳ ನಂತರ ಸತ್ತ ಕೋಶಗಳಿಗಷ್ಟೇ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದರೆ, ಇಮ್ಯಾಟಿನಿಬ್ ಒಂದೇ ಇದ್ದಲ್ಲಿ ನೂರಕ್ಕೆ 60ರಷ್ಟು ಕೋಶಗಳು ಬದುಕಿದ್ದವು. ಕ್ಲೋರೋಕ್ವಿನ್ ಸೇರಿದಲ್ಲಿ 40ಕ್ಕೂ ಕಡಿಮೆ. ಔಷಧದ ಹೊಡೆತಕ್ಕೆ ಸಿಕ್ಕ ಕೋಶ ತನ್ನದನ್ನೇ ತಿಂದು ಬದುಕುತ್ತಿದೆ, ಆ ದಾರಿ ಮುಚ್ಚಿದರೆ ಸಾಯುತ್ತಿದೆ ಎಂದು ತೋರುತ್ತದೆ. ಸಿಎಂಎಲ್ ಪೂರ್ತಿ ಹತೋಟಿಗೆ ಬಂದ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿದವರಲ್ಲೂ ಸುಮಾರು ಅರ್ಧ ಜನರಿಗೆ ಅದು ಮರಳುತ್ತದೆ. ಹಾಗೆ ರೋಗಿಗಳ ಮೂಳೆಮಜ್ಜೆಯಲ್ಲಿ ಅಡಗಿ ಉಳಿಯುವ, ಸಿಡಿ34 ಗುರುತಿನ ಮೂಲಕೋಶಗಳಲ್ಲಿ ಇದನ್ನೇ ನೋಡಬೇಕು. ನೈತಿಕ ಸಮಿತಿಗೆ ಅರ್ಜಿ ಹಾಕಿದ್ದೇನೆ.