ಬೋರ್ಡಿನಲ್ಲಿ 090, ಬೋರಿನಲ್ಲಿ 58: ಹಳೇ ಗರಗಸಕ್ಕೆ ಸಾಮಾನು ಹುಡುಕಿದ್ದು

ಅಪ್ಪಚ್ಚಿಯ ಮರ ಕೊಯ್ಯುವ ಪೆಟ್ರೋಲ್ ಚೈನ್ ಗರಗಸ ನನ್ನ ಕೈಗೆ ಬಂದಾಗ ಅಡಿಕೆ ಅಟ್ಟದ ಕೆಳಗೆ, ಹರಿದ ಗೋಣಿಚೀಲದೊಳಗೆ, ಇಲಿಗೂಡಿನ ಸಮೇತ ಬಿದ್ದಿತ್ತು. ಟ್ಯಾಂಕಿನ ತಳದಲ್ಲಿದ್ದ ಪೆಟ್ರೋಲು ಜೋನಿಬೆಲ್ಲದ ಹದಕ್ಕೆ ಬಂದಿತ್ತು. ಹಗ್ಗ ಎಳೆದರೆ ಅರ್ಧಕ್ಕೇ ನಿಂತಿತು. ಸ್ಟಾರ್ಟರ್ ಕವರಿನ ಮೇಲಿನ ಬೋರ್ಡಿನಲ್ಲಿ ಮಾತ್ರ 090 ಅಂತ ಚೆನ್ನಾಗಿ ಓದುವ ಹಾಗಿತ್ತು.

ಶಿರಸಿ ಸೀಮೆಯಲ್ಲಿ ಇಂಥ ಗರಗಸ ಹುಡುಕಿದರೆ ಇನ್ನೂ ಹತ್ತಾರು ಸಿಗುತ್ತವೆ. ನಾಟ ಕೊಯ್ಯುವ ಗುತ್ತಿಗೆ ನಡೆಸಿದ ಮನೆಗಳಲ್ಲಿ ಒಂದಾದರೂ ಇರುತ್ತದೆ. ಹೆಚ್ಚಿನವು ಜರ್ಮನಿಯ ಸ್ಟಿಲ್ ಕಂಪನಿಯ 070 ಮಾದರಿಯವು. 1959ರಲ್ಲಿ ಬಂದ ಕಾಂಟ್ರಾ ಎಂಬ ಮಾದರಿಯ ವಂಶದ್ದು ಅದು. ಗೇರು ಇಲ್ಲ, ಕ್ಲಚ್ಚಿನಿಂದ ನೇರ ಚೈನಿಗೆ. ಚೈನ್ ಬ್ರೇಕೂ ಇಲ್ಲ, ಅದಕ್ಕೇ ಇವತ್ತಿನ ಹುಡುಗರ ಕೈಗೆ ನಾನು ಅದನ್ನು ಕೊಡುವುದಿಲ್ಲ. ನನಗೂ ಮರ ಕಡಿಯಬೇಕಾಗಿರಲಿಲ್ಲ, ಓಡಿಸಿ ನೋಡುವ ಹುಚ್ಚು ಅಷ್ಟೆ.

ಪಿಸ್ಟನ್ ರಿಂಗು ಹೋಗಿದೆ ಅಂತ ಅಂದಾಜಿತ್ತು. ಬೋರ್ಡು ನೋಡಿದೆ, ಅಪ್ಪಚ್ಚಿಯನ್ನೂ ಕೇಳಿದೆ. "ಯಂಗೆ ಗೊತ್ತಿದ್ದು ತಮಾ, ಅದು ನೈಂಟಿನೇಯಾ" ಅಂದ. 30 ವರ್ಷ ಆ ಮಷಿನ್ನು ಹೊತ್ತವನ ಮಾತನ್ನು ಸುಳ್ಳು ಅನ್ನುವುದು ಹೇಗೆ? 090ರ ರಿಂಗು, ಸಿಲಿಂಡರ್ ಗ್ಯಾಸ್ಕೆಟ್ಟು ದೂರದ ಊರಿನ ಒಂದು ಅಂಗಡಿಯಿಂದ ತರಿಸಿದೆ. ಸಿಲಿಂಡರ್ ಬಿಚ್ಚಿ ರಿಂಗನ್ನು ಒಳಗೆ ಇಳಿಸಲು ಹೋದರೆ ಅದು ಬಾಯಿಯ ಮೇಲೇ ಕೂತಿತು. ಪಾತ್ರೆಗೆ ದೊಡ್ಡ ಮುಚ್ಚಳ ಇಟ್ಟ ಹಾಗೆ. ಆಮೇಲೆ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ತಂದೆ. ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 58 ಮಿಲಿಮೀಟರ್.

ಲೆಕ್ಕ ಮಾಡಿ ನೋಡಿ. 070, 090 ಎರಡರ ಸ್ಟ್ರೋಕೂ (ಪಿಸ್ಟನ್ನು ಮೇಲೆ ಕೆಳಗೆ ಓಡುವ ದೂರ) 40 ಮಿಲಿಮೀಟರೇ. 5.8ನ್ನು 5.8ರಿಂದ ಗುಣಿಸಿ, 0.7854ರಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿದರೆ 105.7 ಸಿಸಿ. ಅದು 070. ಬೋರು 66 ಆಗಿದ್ದರೆ ಅದೇ ಲೆಕ್ಕಕ್ಕೆ 136.8 ಬರುತ್ತಿತ್ತು, ಅದು 090. ಎರಡಕ್ಕೂ ಕ್ರ್ಯಾಂಕ್‌ಕೇಸ್ (ಸಿಲಿಂಡರ್ ಕೂರುವ ಇಂಜಿನ್ನಿನ ಚಿಪ್ಪು) ಒಂದೇ ಬಗೆಯದು, ಸ್ಟಾರ್ಟರ್ ಕಡೆಯ ಸಾಮಾನೂ ಅದಕ್ಕೆ ಇದು ಇದಕ್ಕೆ ಅದು ಕೂರುತ್ತದೆ. ಯಾವಾಗಲೋ ಸ್ಟಾರ್ಟರ್ ಕವರ್ ಒಡೆದಾಗ ಇನ್ನೊಂದು ಮಷಿನ್ನಿನದನ್ನು ತಂದು ಹಾಕಿದ್ದಾರೆ, ಬೋರ್ಡು ಅದರ ಜೊತೆಗೇ ಬಂದಿದೆ. ಅಪ್ಪಚ್ಚಿಗೆ ಇದನ್ನು ಹೇಳಿದೆ. ಅವನು ಒಪ್ಪಲಿಲ್ಲ. ಅಂಗಡಿಯವನು ಪ್ಯಾಕೆಟ್ ಒಡೆದ ಮಾಲು ವಾಪಸ್ ಇಲ್ಲ ಅಂದ. ತಪ್ಪು ನನ್ನದೇ ಆದ್ದರಿಂದ ಜಗಳ ಆಡುವ ಹಾಗಿರಲಿಲ್ಲ.

ಅಲ್ಲಿಂದ ಮುಂದೆ ಬೋರ್ಡು ನೋಡುವುದು ಬಿಟ್ಟೆ. ಪ್ರತಿ ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಮೈಮೇಲಿನ ನಂಬರ್ ಹುಡುಕತೊಡಗಿದೆ. ಸ್ಟಿಲ್‌ನ ನಂಬರು ಹನ್ನೊಂದು ಅಂಕಿಯದು. ನಾಲ್ಕು, ಮೂರು, ನಾಲ್ಕು ಅಂತ ಒಡೆದು ಓದಬೇಕು. ಮೊದಲ ನಾಲ್ಕು ಮಷಿನ್ನಿನ ವಂಶ: 070, 090ಕ್ಕೆ 1106. 038 ಆದರೆ 1119, 044 ಆದರೆ 1128. ನಡುವಿನ ಮೂರು ಅಂಕಿ ಸಾಮಾನು ಯಾವ ಗುಂಪಿನದು ಅಂತ ಹೇಳುತ್ತವೆ. 020 ಅಂದರೆ ಸಿಲಿಂಡರ್ ಮತ್ತು ಕೇಸು, 030 ಪಿಸ್ಟನ್ನು ಮತ್ತು ಕ್ರ್ಯಾಂಕು, 120 ಕಾರ್ಬ್ಯುರೇಟರ್ ಕಡೆ, 160 ಕ್ಲಚ್ಚು, 400 ಇಗ್ನಿಷನ್. ಕೊನೆಯ ನಾಲ್ಕು ಆ ಗುಂಪಿನ ಇಂಥದೇ ಸಾಮಾನು. ಇದು ಒಮ್ಮೆ ತಲೆಗೆ ಹೋದರೆ ಗುಜರಿ ರಾಶಿಯಲ್ಲಿ ಕೈಗೆ ಸಿಕ್ಕ ತುಂಡು ನಮ್ಮ ವಂಶದ್ದೋ ಅಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಮೋಸ ಇದೆ. ಎರಕದಲ್ಲೇ ಮೂಡಿದ ನಂಬರು ಎಷ್ಟೋ ಸಲ ಎರಕದ್ದು ಮಾತ್ರ, ಸಾಮಾನಿನದ್ದಲ್ಲ. ಒಂದೇ ಎರಕದಲ್ಲಿ ಬೇರೆ ಕಡೆ ತೂತು ಕೊರೆದು ಎರಡು ಬೇರೆ ಸಾಮಾನು ಮಾಡಿರುತ್ತಾರೆ. ಹಾಗಾಗಿ ಅದರಿಂದ ವಂಶ ತಿಳಿದುಕೊಂಡು, ಪೂರ್ತಿ ನಂಬರನ್ನು ಬಿಡಿಭಾಗಗಳ ಚಿತ್ರಪಟ್ಟಿಯಲ್ಲಿ ನೋಡಬೇಕು. ಚಿತ್ರದ ಪಕ್ಕದ 1, 2, 3 ಬರೀ ಗುರುತು. ಅದನ್ನೇ ಅಂಗಡಿಯವರಿಗೆ ಹೇಳಿ ನಗೆಪಾಟಲಾದವರನ್ನು ಕಂಡಿದ್ದೇನೆ. ಪಟ್ಟಿಯಲ್ಲಿ ಕೆಲವು ಕಡೆ ಇಂಥ ಮಷಿನ್ ನಂಬರಿನವರೆಗೆ ಒಂದು, ಆಮೇಲಿನದಕ್ಕೆ ಇನ್ನೊಂದು ಅಂತ ಇರುತ್ತದೆ. ಕೇಸಿನ ಮೇಲೆ ಒತ್ತಿದ ಸೀರಿಯಲ್ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಣ್ಣ ಹೊಡೆದ ಮೇಲೆ ಕಾಣುವುದಿಲ್ಲ.

ನನಗೆ ಹೆಚ್ಚು ಉಪಯೋಗವಾಗಿದ್ದು ಪಟ್ಟಿಯಲ್ಲಿ 9ರಿಂದ ಶುರುವಾಗುವ ನಂಬರುಗಳು. 9503 ಅಂದರೆ ಬಾಲ್ ಬೇರಿಂಗು, 9640 ಅಂದರೆ ಆಯಿಲ್ ಸೀಲು. ಇವು ಹೆಚ್ಚಾಗಿ ಲೋಕಕ್ಕೆಲ್ಲ ಸಿಗುವ ಅಳತೆಯವು. ಬೇರಿಂಗಿನ ಅಂಚಿನಲ್ಲಿ ಕೆತ್ತಿದ್ದನ್ನು ಭೂತಗನ್ನಡಿಯಲ್ಲಿ ಓದಿದರೆ ಸಾಕು. ಉದಾಹರಣೆಗೆ 6203 ಅಂತಿದ್ದರೆ ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. 6202 ಆದರೆ 15, 35, 11. ಇದನ್ನು ಹುಬ್ಬಳ್ಳಿಯ ಯಾವ ಬೇರಿಂಗ್ ಅಂಗಡಿಯಲ್ಲಾದರೂ ಕೊಡುತ್ತಾರೆ. ಆದರೆ ನಂಬರಿನ ಹಿಂದಿರುವ ಸಿ3 ಎನ್ನುವುದನ್ನು ಬಿಡಬೇಡಿ. ಒಳಗಿನ ಗುಂಡುಗಳಿಗೆ ಸ್ವಲ್ಪ ಹೆಚ್ಚು ಸಡಿಲ ಇರುತ್ತದೆ ಅಂತ ಅದರ ಅರ್ಥ. ಕಾದ ಕೇಸಿನಲ್ಲಿ ಬಿಗಿಯಾಗಿ ಕೂತ ಮೇಲೂ ತಿರುಗಬೇಕಲ್ಲ, ಅದಕ್ಕೆ. ಅಂಗಡಿ ಹುಡುಗ "ಎರಡೂ ಒಂದೇ ಸರ್, ಇದು ಸ್ಟಾಕ್ ಐತಿ" ಅಂದ. ಒಂದೇ ಅಲ್ಲ. ಮರುವಾರ ಇನ್ನೊಮ್ಮೆ ಹುಬ್ಬಳ್ಳಿ ಬಸ್ಸು ಹತ್ತಿದೆ.

ಹೊಸ ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿ, ಮಾವಿನಹಣ್ಣಿನ ರಸದ ಡಬ್ಬಿಯ ಪಕ್ಕ ಇಟ್ಟಿದ್ದೆ. ಬೆಳಿಗ್ಗೆ ಕೇಸನ್ನು ಬಿಸಿ ಮಾಡಿದ ಮೇಲೆ ಬೇರಿಂಗು ಸುತ್ತಿಗೆ ಇಲ್ಲದೆ ಟಪ್ಪೆಂದು ಕೂತಿತು. ಆ ಡಬ್ಬಿಗೆ ಗ್ರೀಸ್ ವಾಸನೆ ಹಿಡಿದಿದೆ ಅಂತ ಆಯಿ ಈಗಲೂ ಹೇಳುತ್ತಾಳೆ.

ಸೀಲಿನ ಕತೆ ಕಾರವಾರದ್ದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಸೀಲು ಕಾಯುವುದು ಎಣ್ಣೆಯನ್ನಲ್ಲ, ಗಾಳಿಯನ್ನು. ಸೀಲು ಸೋರಿದರೆ ಗಾಳಿ ಹೆಚ್ಚಾಗಿ, ಪೆಟ್ರೋಲು ಎಣ್ಣೆ ಎರಡೂ ಕಡಿಮೆ ಬಿದ್ದು, ಪಿಸ್ಟನ್ನು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ನಮ್ಮ ಮಷಿನ್ನು ಹಿಡಿದದ್ದೂ ಹಾಗೆಯೇ ಇರಬೇಕು. ಶಿರಸಿಯಲ್ಲಿ ಆ ಅಳತೆ ಸಿಗಲಿಲ್ಲ. ಬೈತಖೋಲ್ ಬಂದರಿನ ಹತ್ತಿರ ದೋಣಿಯ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುವವರೊಬ್ಬರಿದ್ದಾರೆ ಅಂತ ಭಾವ ಹೇಳಿದ್ದ. ಹೋಗಿ, ಇದು ಸ್ಟಿಲ್ ಮಷಿನ್ನು, 070, ಇಂಥ ಇಸವಿಯದು ಅಂತ ಪುರಾಣ ಶುರುಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು. "ಹೆಗಡೇರೇ, ಒಳಗೆ ಎಷ್ಟು, ಹೊರಗೆ ಎಷ್ಟು, ದಪ್ಪ ಎಷ್ಟು? ಮೂರು ನಂಬರ್ ಹೇಳಿ. ಬೋಟೋ ಗರಗಸವೋ ನಂಗೆ ಬೇಡ."

ಹೇಳಿದೆ. ಅವರು ತಗಡಿನ ಡಬ್ಬಿಯಿಂದ ಎರಡು ಸೀಲು ತೆಗೆದು, ತುಟಿಯನ್ನು ಉಗುರಿನಿಂದ ಬಾಗಿಸಿ ತೋರಿಸಿದರು. ಕಪ್ಪಗಿದ್ದದ್ದು ನೈಟ್ರೈಲ್ ರಬ್ಬರು, ಕಂದು ಬಣ್ಣದ್ದು ವೈಟಾನ್ ರಬ್ಬರು. ಬಿಸಿಗೆ, ಈಗಿನ ಪೆಟ್ರೋಲಿಗೆ ಎರಡನೆಯದೇ ಒಳ್ಳೆಯದು ಅಂದರು. ಬಣ್ಣ ಮಾತ್ರ ನೋಡಿ ತೀರ್ಮಾನ ಮಾಡಬೇಡಿ, ಕಂದು ಬಣ್ಣದ ಸಾದಾ ರಬ್ಬರೂ ಬರುತ್ತದೆ ಅಂತ ಸೇರಿಸಿದರು. ತುಟಿಯ ಹಿಂದೆ ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗ್ ಇರುತ್ತದೆ, ಆ ಕಡೆ ಕೇಸಿನ ಒಳಮುಖಕ್ಕೆ ಬರಬೇಕು. ಕೂರಿಸಿದ ಮೇಲೆ ಸೈಕಲ್ ಟ್ಯೂಬಿನ ರಬ್ಬರಿನಿಂದ ಸೈಲೆನ್ಸರ್ ಬಾಯಿ, ಕಾರ್ಬ್ಯುರೇಟರ್ ಬಾಯಿ ಮುಚ್ಚಿ, ಅರ್ಧ ಬಾರ್ ಒತ್ತಡದಷ್ಟು ಗಾಳಿ ಹಾಕಿ ಸೋಪಿನ ನೀರು ಬಿಟ್ಟು ನೋಡಿದೆ. ಸೀಲಿನ ಹತ್ತಿರ ಗುಳ್ಳೆ ಇಲ್ಲ. ಸಿಲಿಂಡರ್ ಬುಡದಲ್ಲಿ ಒಂದೇ ಸಣ್ಣ ಗುಳ್ಳೆ ಏಳುತ್ತಿತ್ತು. ಹಳೇ ಗ್ಯಾಸ್ಕೆಟ್ಟಿನ ಚೂರು ಉಳಿದಿತ್ತು, ಕೆರೆದು ತೆಗೆದೆ.

ಸಿಲಿಂಡರನ್ನು ಹೊಸದು ಕೊಳ್ಳದೆ ಉಳಿಸಿಕೊಂಡೆ. ಮಾರುಕಟ್ಟೆಯಲ್ಲಿ 070ರ ನಕಲು ಸೆಟ್ಟು ಬೇಕಾದಷ್ಟಿದೆ, ಅಗ್ಗ. ಅವುಗಳ ಸಿಲಿಂಡರ್ ಗೋಡೆಯ ಪೋರ್ಟಿನ, ಅಂದರೆ ತೂತಿನ ಅಂಚು ಚೂಪಾಗಿ ಹಾಗೇ ಬಿಟ್ಟಿರುತ್ತಾರೆ, ರಿಂಗು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಒರಿಜಿನಲ್ಲಿನ ಮೇಲೆ ಮಾಹ್ಲೆ ಅಥವಾ ಕೆಎಸ್ ಅಂತ ತಯಾರಕರ ಗುರುತು ಇರುತ್ತದೆ. ನನ್ನ ಸಿಲಿಂಡರಿನಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಉದ್ದಕ್ಕೂ ಬಳಿದುಕೊಂಡಿತ್ತು, ಒಳಗಿನ ಕ್ರೋಮ್ ಲೇಪ ಗಟ್ಟಿಯಾಗಿತ್ತು. ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಿ ಅಂತ ಹಲವರು ಹೇಳುತ್ತಾರೆ. ನಿಕಾಸಿಲ್ ಎಂಬ ನಿಕಲ್ ಲೇಪ ಇರುವ ಸಿಲಿಂಡರಿಗೆ ಅದು ನಡೆಯುತ್ತದೆ. ಕ್ರೋಮನ್ನು ಮಾತ್ರ ಅದು ತಿಂದುಹಾಕುತ್ತದೆ. ನಾನು ಕಾಸ್ಟಿಕ್ ಸೋಡಾ ನೀರನ್ನು ಕಡ್ಡಿಗೆ ಸುತ್ತಿದ ಹತ್ತಿಯಿಂದ, ಬಳಿದುಕೊಂಡ ಜಾಗಕ್ಕೆ ಮಾತ್ರ ಮುಟ್ಟಿಸಿದೆ. ನೊರೆ ಬಂದು ಅಲ್ಯೂಮಿನಿಯಂ ಕರಗಿತು, ಕ್ರೋಮ್ ಉಳಿಯಿತು. ಪೋರ್ಟಿನ ಬರಿ ಅಲ್ಯೂಮಿನಿಯಂಗೆ ತಾಗಿದರೆ ಅದೂ ಕರಗುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಅಂಗಳದಲ್ಲಿ ಮಾಡುವ ಕೆಲಸ.

ಸ್ಟಾರ್ಟರ್ ಕವರಿನ ಒಂದು ಬೋಲ್ಟು ಅರ್ಧ ಹೋಗಿ ಬಿಗಿಯುತ್ತಿತ್ತು. ಬಿಚ್ಚಿ ವರ್ನಿಯರ್ ಹಿಡಿದರೆ 6.3. ಅಂದರೆ ಎರಡು ಸೂತಿನ (ಕಾಲು ಇಂಚಿನ) ಬೋಲ್ಟನ್ನು 6 ಮಿಲಿಮೀಟರಿನ ಥ್ರೆಡ್ಡಿಗೆ ಯಾರೋ ಬಡಿದು ತುರುಕಿದ್ದಾರೆ. ಕೇಸು ಮೆಗ್ನೀಸಿಯಂನದು, ಮೆತ್ತಗಿನ ಲೋಹ, ಒಪ್ಪಿಕೊಂಡುಬಿಟ್ಟಿದೆ. ಜರ್ಮನ್, ಸ್ವೀಡನ್ ಗರಗಸಗಳಿಗೆ ಮೆಟ್ರಿಕ್ ಬೋಲ್ಟು, ಹಳೇ ಅಮೆರಿಕನ್ ಮೆಕಲಕ್, ಹೋಮ್‌ಲೈಟ್‌ಗಳಿಗೆ ಇಂಚಿನದು. ಕೈಯಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಲೇತಿನವರ ಹತ್ತಿರ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಸುರುಳಿ) ಹಾಕಿಸಿ ಮತ್ತೆ ಎಂ6, ಅಂದರೆ 6 ಮಿಲಿಮೀಟರಿನ ಥ್ರೆಡ್ಡು ಮಾಡಿಸಿದೆ.

ಪ್ಲಗ್ಗಿನಲ್ಲೂ ಇಂಥದೇ ಎಡವಟ್ಟು ಇತ್ತು. ಯಾರೋ ಸ್ಕೂಟರಿನ ಪ್ಲಗ್ಗು ಹಾಕಿದ್ದರು. ಥ್ರೆಡ್ಡು ಅದೇ 14 ಮಿಲಿಮೀಟರ್, ಆದರೆ ಉದ್ದ 12.7. ಗರಗಸದ್ದು 9.5 ಇರಬೇಕು. ಹೆಚ್ಚಾದ ಮೂರು ಮಿಲಿಮೀಟರ್ ಒಳಗೆ ಚಾಚಿ, ಆ ಥ್ರೆಡ್ಡಿನ ಮೇಲೆ ಮಸಿ ಗಟ್ಟಿಯಾಗಿ, ಬಿಚ್ಚುವಾಗ ಸಿಲಿಂಡರಿನ ಥ್ರೆಡ್ಡನ್ನೇ ಕಿತ್ತುಕೊಂಡು ಬರುವುದರಲ್ಲಿತ್ತು.

ಕಾರ್ಬ್ಯುರೇಟರ್ ಟಿಲ್ಲಟ್‌ಸನ್ ಕಂಪನಿಯ ಎಚ್‌ಎಲ್ ಮಾದರಿ. ರಿಪೇರಿ ಕಿಟ್ಟನ್ನು ಮಷಿನ್ನಿನ ಹೆಸರಿನಲ್ಲಿ ಕೇಳಬಾರದು, ಕಾರ್ಬ್ಯುರೇಟರಿನ ಮೈಮೇಲೆ ಒತ್ತಿದ ಅಕ್ಷರ, ಅಂಕಿ ಓದಿ ಕೇಳಬೇಕು. ಕಿಟ್ಟಿನ ಮೇಲೆ ಡಿಜಿ ಅಂದರೆ ಡಯಾಫ್ರಾಮು (ತೆಳು ಪೊರೆ), ಗ್ಯಾಸ್ಕೆಟ್ಟು ಮಾತ್ರ, ಆರ್‌ಕೆ ಅಂದರೆ ಸೂಜಿ, ಲಿವರ್ ಎಲ್ಲ ಸೇರಿದ್ದು. ಬಂದ ಹೊಸ ಡಯಾಫ್ರಾಮನ್ನು ಹಳೆಯದರ ಮೇಲೆ ಇಟ್ಟು ತೂತಿಗೆ ತೂತು ಹೊಂದಿಸಿ ನೋಡಿದ ಮೇಲೇ ಹಾಕಿದೆ. ಇಂಧನದ ಪೈಪನ್ನೂ ಹೊಸದು ಮಾಡಿದೆ. ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲು, ಹಳೇ ರಬ್ಬರಿಗೆ ಆಗುವುದಿಲ್ಲ. ಮೇಲಾಗಿ ಅದು ನೀರು ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಕೇಳಬೇಕೇ. ಕೆಲಸ ಮುಗಿದ ಕೂಡಲೇ ಟ್ಯಾಂಕು ಖಾಲಿ ಮಾಡಿ ಇಡುತ್ತೇನೆ.

ಚೈನು ಕೊಳ್ಳುವಾಗ ಪಕ್ಕಪಕ್ಕದ ಮೂರು ರಿವೆಟ್ಟಿನ ದೂರ ಅಳೆದೆ. 20.5 ಮಿಲಿಮೀಟರ್ ಬಂತು. ಅದರ ಅರ್ಧ 10.25, ಅಂದರೆ .404 ಇಂಚಿನ ಪಿಚ್ಚು. 19 ಬಂದಿದ್ದರೆ ಮೂರು ಸೂತಿನದು. ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲುಚಕ್ರ), ಬಾರು (ಚೈನು ಸುತ್ತುವ ಉದ್ದನೆಯ ಪಟ್ಟಿ), ಚೈನು ಮೂರೂ ಒಂದೇ ಪಿಚ್ಚಿನದಾಗಿರಬೇಕು. ಬಾರಿನಲ್ಲಿ ಚೈನು ಓಡುವ ಸೀಳಿನ ಅಗಲ 1.6 ಮಿಲಿಮೀಟರ್, ಆಮೇಲೆ ಒಳಹಲ್ಲು ಎಣಿಸಿ ಹೇಳಿದರೆ ಅಂಗಡಿಯವರು ಸುರುಳಿಯಿಂದ ಕತ್ತರಿಸಿ ಕೊಡುತ್ತಾರೆ.

ಇಗ್ನಿಷನ್ನಿನ ಪಾಯಿಂಟು ಉಜ್ಜಿ, ಕಂಡೆನ್ಸರ್ ಬದಲಿಸಿ, ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಿ ಎಳೆದೆ. ಒಂಬತ್ತನೆಯ ಎಳೆತಕ್ಕೆ ಹಿಡಿಯಿತು. ಜಗುಲಿಯಲ್ಲಿ ಕೂತಿದ್ದ ಅಪ್ಪಚ್ಚಿ ಕವಳ ಉಗಿದು ಬಂದು, ಥ್ರಾಟಲ್ ಮೇಲೆ ಬೆರಳಿಟ್ಟು ಎರಡು ಸಲ ಏರಿಸಿ, "ನೈಂಟಿ ಸದ್ದೇ ಬೇರೆಯಾ" ಅಂದ.

ಬೋರ್ಡು ಹಾಗೇ ಇದೆ. ಏರ್ ಫಿಲ್ಟರ್ ಮುಚ್ಚಳದ ಒರಿಜಿನಲ್ ನಟ್ಟು ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಸೈಕಲ್ಲಿನದು ಹಾಕಿದ್ದೇನೆ. 66ರ ರಿಂಗು ಎರಡು, ಒಂದು ಗ್ಯಾಸ್ಕೆಟ್ಟು ನನ್ನ ಡ್ರಾವರಿನಲ್ಲಿವೆ. ನಿಜವಾದ 090 ಇದ್ದವರು ಯಾರಾದರೂ ಇದ್ದರೆ ಕೊಡುತ್ತೇನೆ, ದುಡ್ಡು ಬೇಡ. ಬೋರು ಅಳೆದುಕೊಂಡು ಬನ್ನಿ.