ಆಟದ ಪೀರಿಯಡ್‌ನಲ್ಲಿ ಎಲ್ಲ ಮಕ್ಕಳಿಗೂ ಸರದಿ ಸಿಗಬೇಕಾದರೆ

ನಲವತ್ತು ಮಕ್ಕಳನ್ನು ಇಪ್ಪತ್ತಿಪ್ಪತ್ತರ ಎರಡು ಸಾಲು ಮಾಡಿ, ಸಾಲಿಗೊಂದು ಚೆಂಡು ಕೊಟ್ಟು ಎಸೆಯುವುದನ್ನು ಕಲಿಸಲು ಹೊರಟರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಒಂದು ಮಗುವಿಗೆ 20 ಸೆಕೆಂಡು ಹಿಡಿದರೆ ಒಂದು ಸುತ್ತು ಮುಗಿಯಲು 400 ಸೆಕೆಂಡು, ಹೆಚ್ಚುಕಡಿಮೆ 7 ನಿಮಿಷ. 20 ನಿಮಿಷದ ಅಭ್ಯಾಸದಲ್ಲಿ ಒಂದು ಮಗುವಿನ ಪಾಲಿಗೆ ಬರುವುದು ಮೂರೇ ಎಸೆತ. ಅದೇ ಮಕ್ಕಳನ್ನು ಜೋಡಿ ಮಾಡಿ ಜೋಡಿಗೊಂದು ಚೆಂಡು ಕೊಟ್ಟರೆ, ಐದು ಸೆಕೆಂಡಿಗೊಂದು ಎಸೆತ ಎಂದಿಟ್ಟುಕೊಂಡರೂ 20 ನಿಮಿಷಕ್ಕೆ 240 ಆಯಿತು, ತಲಾ 120. ಸಾಲು ನೋಡಲು ಶಿಸ್ತಾಗಿರುತ್ತದೆ ನಿಜ, ಆದರೆ ಮೂರು ಸಲ ಎಸೆದು ಯಾವ ಮಗುವೂ ಎಸೆಯಲು ಕಲಿಯುವುದಿಲ್ಲ. ಪಾಠ ಯೋಜಿಸುವಾಗಲೆಲ್ಲ ಮೊದಲು ಈ ಲೆಕ್ಕ ಹಾಕಿ, ಮಿಕ್ಕದ್ದು ಆಮೇಲೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ಬಿರುಸಿನ ಚಟುವಟಿಕೆ ಬೇಕು, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಗಟ್ಟಿ ಮಾಡುವ ಚಟುವಟಿಕೆಯೂ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಒಂದು ಪೀರಿಯಡ್‌ನಿಂದ ಅಷ್ಟೂ ತುಂಬುವುದಿಲ್ಲ, ತುಂಬಬೇಕಾಗಿಯೂ ಇಲ್ಲ. ಓಡಲು, ನೆಗೆಯಲು, ಎಸೆಯಲು, ಹಿಡಿಯಲು ಬಾರದ ಮಗು ಬಿಡುವಿನ ವೇಳೆಯಲ್ಲೂ ಆಟಕ್ಕೆ ಸೇರದೆ ಗೋಡೆಗೆ ಒರಗಿ ನಿಲ್ಲುತ್ತದೆ. ಆ ಮಗುವಿಗೆ ಈ ಕೌಶಲಗಳನ್ನು ಕೊಡುವುದು ಪೀರಿಯಡ್‌ನ ಕೆಲಸ. ಬಂದರೆ ಅದು ತಾನೇ ಆಡಿಕೊಳ್ಳುತ್ತದೆ.

ಮೈದಾನ ಮತ್ತು ಸೀಟಿ

ಮಕ್ಕಳು ಬರುವ ಮುಂಚೆ ಮೈದಾನವನ್ನು ಒಂದು ಸುತ್ತು ನಡೆದು ನೋಡಿ. ಕಲ್ಲು, ಗಾಜಿನ ಚೂರು, ಗುಂಡಿ, ಒದ್ದೆ ಜಾಗ ಕಣ್ಣಿಗೆ ಬೀಳಬೇಕು. ಆಮೇಲೆ ಆಟದ ಜಾಗಕ್ಕೆ ಗಡಿ ಹಾಕಿ. ಮೂವತ್ತು ಮಕ್ಕಳ ಮುಟ್ಟಾಟಕ್ಕೆ ಸುಮಾರು 20 ಮೀಟರ್ ಉದ್ದ, 20 ಮೀಟರ್ ಅಗಲದ ಚೌಕ ಸಾಕು. ಇನ್ನೂ ಚಿಕ್ಕದಾದರೆ ತಲೆಗೆ ತಲೆ ಬಡಿಯುತ್ತದೆ, ತೀರಾ ದೊಡ್ಡದಾದರೆ ನಿಮ್ಮ ಮಾತು ಕೇಳಿಸುವುದಿಲ್ಲ. ಕೋನ್ ಇಲ್ಲದಿದ್ದರೆ ಕಾಲು ಭಾಗ ಮರಳು ತುಂಬಿದ ಪ್ಲಾಸ್ಟಿಕ್ ಬಾಟಲಿ ಆಗುತ್ತದೆ. ಓಟದ ಗುರಿಗೆರೆಯ ಆಚೆ ಕನಿಷ್ಠ 5 ಮೀಟರ್ ಖಾಲಿ ಜಾಗ ಬಿಡಲೇಬೇಕು. ‘ಗೋಡೆ ಮುಟ್ಟಿ ಬನ್ನಿ’ ಎಂದು ಯಾವತ್ತೂ ಹೇಳಬೇಡಿ. ಮೊದಲು ಮುಟ್ಟುವ ಆತುರದಲ್ಲಿ ಮಗು ವೇಗ ತಗ್ಗಿಸುವುದಿಲ್ಲ, ಮಣಿಕಟ್ಟು ಮುರಿದುಕೊಳ್ಳುವುದು ಹೀಗೆಯೇ.

ಮಾತಾಡುವಾಗ ಬಿಸಿಲಿಗೆ ಮುಖ ಮಾಡಿ ನಿಲ್ಲಬೇಕಾದವರು ನೀವು. ಬಿಸಿಲು ಮಕ್ಕಳ ಬೆನ್ನಿಗಿರಲಿ, ಇಲ್ಲವಾದರೆ ಅವರು ಕಣ್ಣು ಕಿರಿದು ಮಾಡಿಕೊಂಡು ನಿಮ್ಮನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾರೆ.

ಸೀಟಿಗೆ ಒಂದೇ ಅರ್ಥ ಇರಲಿ: ಇದ್ದಲ್ಲೇ ನಿಲ್ಲು, ಚೆಂಡು ಎರಡು ಪಾದಗಳ ನಡುವೆ ನೆಲದ ಮೇಲಿರಲಿ. ವರ್ಷದ ಮೊದಲ ಎರಡು ವಾರ ಇದನ್ನೇ ಆಟವಾಗಿ ಆಡಿಸಿ. ಓಡು, ಸೀಟಿ, ನಿಲ್ಲು. ಎಲ್ಲರೂ 5 ಸೆಕೆಂಡಿನೊಳಗೆ ನಿಲ್ಲುವ ತನಕ ಚೆಂಡು ಹೊರಗೆ ತೆಗೆಯಬೇಡಿ. ಪ್ರತಿಯೊಂದಕ್ಕೂ ಸೀಟಿ ಊದಿದರೆ ಅದಕ್ಕೆ ಕಿವಿಗೊಡುವವರು ಇರುವುದಿಲ್ಲ, ಉಳಿದ ಸೂಚನೆಗಳಿಗೆ ಚಪ್ಪಾಳೆ ಸಾಕು.

ವಿವರಣೆ 30 ಸೆಕೆಂಡಿಗಿಂತ ಹೆಚ್ಚು ಬೇಡ. ಹೇಳುವುದನ್ನು ಚೆಂಡು ಹಂಚುವ ಮೊದಲೇ ಹೇಳಿ ಮುಗಿಸಿ. ಚೆಂಡು ಕೈಗೆ ಬಂದ ಮೇಲೆ ಏಳು ವರ್ಷದ ಮಗುವಿಗೆ ಬೇರೇನೂ ಕೇಳಿಸುವುದಿಲ್ಲ, ಅದು ಮಗುವಿನ ತಪ್ಪಲ್ಲ. ಮಾಡಿ ತೋರಿಸುವಾಗ ಮಾತು ನಿಲ್ಲಿಸಿ, ಎರಡು ಮೂರು ಸಲ ತೋರಿಸಿ. ಎದುರಾ ಎದುರು ನಿಂತು ತೋರಿಸಿದರೆ ನಿಮ್ಮ ಬಲಗೈ ನೋಡಿ ಮಕ್ಕಳು ಎಡಗೈ ಎತ್ತುತ್ತಾರೆ. ಒಂದು ಸಲ ಅವರಿಗೆ ಬೆನ್ನು ಮಾಡಿ, ಒಂದು ಸಲ ಪಕ್ಕಕ್ಕೆ ತಿರುಗಿ ತೋರಿಸಿದರೆ ಈ ಗೊಂದಲ ಇರುವುದಿಲ್ಲ. ಒಂದು ಸಲಕ್ಕೆ ಒಂದೇ ಗುಟ್ಟು ಹೇಳಿಕೊಡಿ. ‘ಮೊಣಕೈ ಮೇಲೆ, ಕಾಲು ಮುಂದೆ, ಸೊಂಟ ತಿರುಗಿಸು, ಗುರಿ ನೋಡು’ ಎಂದು ನಾಲ್ಕು ಒಟ್ಟಿಗೆ ಹೇಳಿದರೆ ಒಂದೂ ಉಳಿಯುವುದಿಲ್ಲ.

ತಂಡ ಮಾಡಲು ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಆರಿಸಲು ಬಿಡುವುದನ್ನು ದಯವಿಟ್ಟು ಕೈಬಿಡಿ. ಎಲ್ಲರೆದುರು ಕಡೆಗೆ ಉಳಿಯುವ ಮಗು ಪ್ರತಿ ಸಲವೂ ಅದೇ ಆಗಿರುತ್ತದೆ. ‘ಐದು ಎಣಿಸುವುದರೊಳಗೆ ಯಾರದಾದರೂ ಪಾದಕ್ಕೆ ಪಾದ ತಾಗಿಸಿ ನಿಲ್ಲಿ’ ಎಂದರೆ ಜೋಡಿ ತಾನಾಗಿ ಆಗುತ್ತದೆ. ಜೋಡಿಯಲ್ಲಿ ಒಬ್ಬರು ಈಚೆ, ಒಬ್ಬರು ಆಚೆ ಹೋದರೆ ತಂಡವೂ ಆಯಿತು. ಬೆಸ ಸಂಖ್ಯೆಯಿದ್ದರೆ ಒಂದು ಗುಂಪು ಮೂವರದ್ದಾಗಲಿ.

ಯಾವ ವಯಸ್ಸಿಗೆ ಏನು

5ರಿಂದ 7 ವರ್ಷದವರಿಗೆ ಓಟ, ನಿಲುಗಡೆ, ಕುಂಟುವುದು, ಜಿಗಿತ, ಉರುಳುವುದು, ಒಂಟಿಕಾಲಲ್ಲಿ ತೂಗಿಕೊಂಡು ನಿಲ್ಲುವುದು, ಚೆಂಡು ಪುಟಿಸುವುದು. 8–9ಕ್ಕೆ ಇವನ್ನೇ ಜೋಡಿಸಿ ಮಾಡಿಸುವುದು: ಓಡುತ್ತಾ ಹಿಡಿ, ತಿರುಗಿ ಎಸೆ. 10 ದಾಟಿದ ಮೇಲೆ ಮೂವರಿಗೆ ಮೂವರ ಪುಟ್ಟ ಪಂದ್ಯಗಳು. ಹನ್ನೊಂದು ಜನರ ಆಟಗಳನ್ನು ಪ್ರಾಥಮಿಕ ತರಗತಿಗೆ ತರುವ ಅಗತ್ಯವಿಲ್ಲ, ಅಲ್ಲಿ ಹಿಂದೆ ನಿಂತ ಆರು ಮಕ್ಕಳಿಗೆ ಚೆಂಡೇ ಸಿಗುವುದಿಲ್ಲ.

ಓಡುವಾಗ ಚಿಕ್ಕ ಮಕ್ಕಳ ಕೈ ಎದೆಯ ಅಡ್ಡಕ್ಕೆ ಬೀಸುತ್ತದೆ, ಮೈ ಅತ್ತಿತ್ತ ತೊನೆಯುತ್ತದೆ. ‘ಕೈ ಜೇಬಿನಿಂದ ಗಲ್ಲಕ್ಕೆ’ ಎಂದರೆ ಅವರಿಗೆ ಅರ್ಥವಾಗುತ್ತದೆ. ಓಟಕ್ಕಿಂತ ಮೊದಲು ಕಲಿಸಬೇಕಾದದ್ದು ನಿಲ್ಲುವುದನ್ನು: ಹೆಜ್ಜೆ ಗಿಡ್ಡ ಮಾಡು, ಮೊಣಕಾಲು ಬಗ್ಗಿಸು, ಸೊಂಟ ತಗ್ಗಿಸು. ನಿಲ್ಲಲು ಬಂದರೆ ಡಿಕ್ಕಿಗಳು ಕಡಿಮೆಯಾಗುತ್ತವೆ.

ಜಿಗಿತದಲ್ಲೂ ಹಾಗೆಯೇ, ಇಳಿಯುವುದನ್ನು ಮೊದಲು ಕಲಿಸಿ. ಎರಡೂ ಪಾದ ಒಟ್ಟಿಗೆ, ಮುಂಗಾಲು ಮೊದಲು, ಆಮೇಲೆ ಹಿಮ್ಮಡಿ, ಜೊತೆಗೇ ಮೊಣಕಾಲು ಬಾಗಬೇಕು. ‘ಸದ್ದಾಗದಂತೆ ಇಳಿ, ಬೆಕ್ಕಿನ ಹಾಗೆ’ ಎನ್ನಿ. ಧಪ್ಪೆಂದು ಕೇಳಿಸಿದರೆ ಮೊಣಕಾಲು ಬಾಗಿಲ್ಲ ಎಂದರ್ಥ, ತಿರುಗಿ ನೋಡದೆಯೇ ತಪ್ಪು ಗೊತ್ತಾಗುತ್ತದೆ. ಎತ್ತರದಿಂದ ಜಿಗಿಸುವುದಾದರೆ ಮಗುವಿನ ಮೊಣಕಾಲಿನ ಎತ್ತರಕ್ಕಿಂತ ಹೆಚ್ಚು ಬೇಡ. ಕುಂಟಲು ಬಾರದ ಮಗುವಿಗೆ ಗೆಳೆಯರ ಭುಜವೋ ಗೋಡೆಯೋ ಆಸರೆಗಿರಲಿ. ಪ್ರತಿ ಕಾಲಿಗೂ ಐದೈದು ಸಲ, ಎರಡೂ ಕಾಲಿಗೆ. ಸ್ಕಿಪ್ಪಿಂಗ್ ಹಗ್ಗದ ನಡುವೆ ಪಾದವಿಟ್ಟು ಮೇಲೆಳೆದರೆ ಹಿಡಿಗಳು ಕಂಕುಳಿನ ತನಕ ಬರಬೇಕು. ಉದ್ದ ಹೆಚ್ಚಾಗಿ ಕಾಲಿಗೆ ಸುತ್ತಿಕೊಳ್ಳುವುದನ್ನು ನೋಡಿ ‘ಇವಳಿಗೆ ಬರುವುದಿಲ್ಲ’ ಎಂದುಕೊಳ್ಳುವುದೇ ಹೆಚ್ಚು.

ಎಸೆತ

ತಲೆಯ ಮೇಲಿಂದ ಎಸೆಯುವುದರಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪು ಎಂದರೆ ಎದುರಿಗೆ ಮುಖ ಮಾಡಿ ನಿಂತು, ಮೊಣಕೈಯಿಂದಷ್ಟೇ ತಳ್ಳುವುದು, ಇಲ್ಲವೇ ಎಸೆಯುವ ಕೈಯ ಕಡೆಯ ಕಾಲನ್ನೇ ಮುಂದಿಡುವುದು. ಹಾಗೆ ಮಾಡಿದರೆ ಸೊಂಟ ತಿರುಗಲು ಅವಕಾಶವಿಲ್ಲ, ಚೆಂಡಿಗೆ ವೇಗ ಬರುವುದಿಲ್ಲ. ಈ ತಪ್ಪನ್ನು ಬಹಳ ಸಲ ಕಲಿಸುವ ಕ್ರಮವೇ ಹುಟ್ಟುಹಾಕುತ್ತದೆ. ಮೊದಲ ದಿನವೇ ಎರಡು ಮೀಟರ್ ದೂರದಲ್ಲಿ ಬಕೆಟ್ ಇಟ್ಟು ‘ಇದರೊಳಗೆ ಹಾಕು’ ಎಂದರೆ ಮಗು ಜಾಣತನದಿಂದ ಮೆಲ್ಲಗೆ ತಳ್ಳುತ್ತದೆ. ಅಷ್ಟು ದೂರಕ್ಕೆ ಇಡೀ ಮೈ ಬಳಸುವ ಅಗತ್ಯವೇ ಇಲ್ಲ.

ಆದ್ದರಿಂದ ಗುರಿ ಆಮೇಲೆ, ಬಿರುಸು ಮೊದಲು. ಗೋಡೆಯಿಂದ 6–7 ಮೀಟರ್ ದೂರ ನಿಲ್ಲಿಸಿ, ಗೋಡೆಯಲ್ಲಿ ಎಲ್ಲಿಗೆ ಬಿದ್ದರೂ ಸರಿ, ಕೈಲಾದಷ್ಟು ಜೋರಾಗಿ ಎಸೆಯಲು ಹೇಳಿ. ನೆಲದಲ್ಲಿ ಸೀಮೆಸುಣ್ಣದಿಂದ ಎರಡು ಪಾದದ ಗುರುತು ಬರೆಯಿರಿ. ಬಲಗೈಯವರಿಗೆ ಎಡ ಪಾದ ಗೋಡೆಯ ಕಡೆ, ಬಲ ಪಾದ ಹಿಂದೆ, ಎಡಗೈಯವರಿಗೆ ಇದರ ತಿರುವುಮುರುವು. ಎಡಗೈಯವರನ್ನು ಬಲಕ್ಕೆ ಬದಲಿಸಲು ಹೋಗಬೇಡಿ. ಪಕ್ಕಕ್ಕೆ ತಿರುಗಿ ನಿಲ್ಲು, ಮೊಣಕೈ ಭುಜದ ಮಟ್ಟಕ್ಕೆ ಹಿಂದಕ್ಕೊಯ್ಯಿ, ಗೋಡೆಯ ಕಡೆಗಿರುವ ಕಾಲಿನಿಂದ ಹೆಜ್ಜೆ ಹಾಕು, ಎಸೆದ ಮೇಲೆ ಕೈ ಎದುರಿನ ಸೊಂಟದವರೆಗೂ ಇಳಿಯಲಿ. ಒಂದೊಂದು ದಿನಕ್ಕೆ ಒಂದೊಂದು. ಹೆಜ್ಜೆ ಸರಿಯಾದರೆ ಉಳಿದದ್ದರಲ್ಲಿ ಅರ್ಧ ತಾನೇ ಸರಿಹೋಗುತ್ತದೆ, ಹಾಗಾಗಿ ಅದಕ್ಕೇ ಹೆಚ್ಚು ದಿನ ಕೊಡಿ. ಚೆಂಡು ಟೆನಿಸ್ ಚೆಂಡಿನ ಗಾತ್ರದ್ದಿರಲಿ. ದೊಡ್ಡ ಚೆಂಡು ಕೊಟ್ಟರೆ ಎರಡು ಕೈಯಿಂದ ಎದೆಯ ಮೇಲಿಂದ ತಳ್ಳುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಮುದ್ದೆ ಮಾಡಿದ ಕಾಗದಕ್ಕೆ ಟೇಪ್ ಸುತ್ತಿದರೂ ನಡೆಯುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಎಸೆಯಬೇಕು, ಸಿಗ್ನಲ್ ಕೊಟ್ಟ ಮೇಲೆಯೇ ಎಲ್ಲರೂ ಒಟ್ಟಿಗೆ ಚೆಂಡು ತರಲು ಹೋಗಬೇಕು.

ಕ್ಯಾಚ್

ಹಿಡಿಯಲು ಬಾರದಿರುವುದಕ್ಕೆ ಕೈಗಿಂತ ಹೆದರಿಕೆ ಕಾರಣ. ಮುಖದ ಕಡೆಗೆ ಬರುವ ಗಟ್ಟಿ ಚೆಂಡನ್ನು ಕಂಡು ಮಗು ಕಣ್ಣು ಮುಚ್ಚುತ್ತದೆ, ತಲೆ ಆಚೆಗೆ ತಿರುಗಿಸುತ್ತದೆ, ಕೈ ಚಾಚಿ ಮರಗಟ್ಟಿದಂತೆ ನಿಲ್ಲುತ್ತದೆ. ಹಾಗಿರುವಾಗ ‘ಚೆಂಡು ನೋಡು’ ಎಂದು ಕೂಗಿ ಪ್ರಯೋಜನವಿಲ್ಲ, ಚೆಂಡನ್ನು ಬದಲಿಸಬೇಕು. ಬಲೂನು ಅಥವಾ ತೆಳು ಬಟ್ಟೆಯಿಂದ ಶುರು ಮಾಡಿ, ಅವು ನಿಧಾನವಾಗಿ ಇಳಿಯುತ್ತವೆ, ತಾಗಿದರೂ ನೋಯುವುದಿಲ್ಲ. ಆಮೇಲೆ ಬೀಜದ ಚೀಲ: 12 ಸೆಂಟಿಮೀಟರ್ ಚೌಕದ ದಪ್ಪ ಬಟ್ಟೆಗೆ 100ರಿಂದ 150 ಗ್ರಾಂ ಒಣಬೀಜ ತುಂಬಿ, ಅಂಚಿಗೆ ಎರಡು ಹೊಲಿಗೆ ಹಾಕಿ. ಪೂರ್ತಿ ಬಿಗಿಯಾಗಿ ತುಂಬಬೇಡಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಬೆರಳಿಗೆ ಹೊಂದಿಕೊಳ್ಳುತ್ತದೆ. ಇದು ಪುಟಿಯುವುದಿಲ್ಲ, ಉರುಳಿ ಹೋಗುವುದಿಲ್ಲ. ಚೆಂಡಿನ ಹಿಂದೆ ಓಡುವ ಸಮಯವೂ ಉಳಿಯಿತು.

ಚೀಲವನ್ನು ತಾನೇ ಹಣೆಯ ಎತ್ತರಕ್ಕೆ ಹಾರಿಸಿ ತಾನೇ ಹಿಡಿಯುವುದು ಮೊದಲ ಮೆಟ್ಟಿಲು. ಅದು ಬಂದ ಮೇಲೆ ದೊಡ್ಡ ಮೆತ್ತನೆ ಚೆಂಡನ್ನು 2 ಮೀಟರ್ ದೂರದ ಜೊತೆಗಾರರಿಂದ ನೆಲಕ್ಕೆ ಒಂದು ಪುಟಿತ ಹಾಕಿಸಿ ಹಿಡಿಯುವುದು, ಆಮೇಲೆ ಪುಟಿತವಿಲ್ಲದೆ, ಕೊನೆಗೆ ಚಿಕ್ಕ ಚೆಂಡು. ಹತ್ತರಲ್ಲಿ ಏಳೆಂಟು ಹಿಡಿದರೆ ಒಂದು ಹೆಜ್ಜೆ ಹಿಂದೆ ಹೋಗಲಿ, ಐದಕ್ಕಿಂತ ಕಡಿಮೆಯಾದರೆ ಒಂದು ಹೆಜ್ಜೆ ಹತ್ತಿರ ಬರಲಿ. ಈ ನಿಯಮ ಮಕ್ಕಳಿಗೇ ಗೊತ್ತಿದ್ದರೆ ಪ್ರತಿ ಜೋಡಿಯೂ ತನಗೆ ತಕ್ಕ ದೂರ ತಾನೇ ಕಂಡುಕೊಳ್ಳುತ್ತದೆ.

ಚೆಂಡನ್ನು ಎದೆಗೆ ಅವುಚಿಕೊಳ್ಳುವ ಮಗುವಿಗೆ ಮೊಣಕೈ ಮೈಯಿಂದ ಸ್ವಲ್ಪ ಮುಂದಿಟ್ಟು ಬಗ್ಗಿಸಿರಲು ಹೇಳಿ. ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಒಂದಕ್ಕೊಂದು ಹತ್ತಿರ, ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳು ಹತ್ತಿರ. ಚೆಂಡು ಕೈಗೆ ತಾಗುತ್ತಲೇ ಕೈಯನ್ನು ಮೈಯ ಕಡೆ ಎಳೆದುಕೊಂಡರೆ ಪುಟಿದು ಹೋಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ಒಂದು ಜೋಡಿಗೆ ಬಾರದಿದ್ದರೆ ಹಿಡಿಯುವವರನ್ನು ಬಿಟ್ಟು ಎಸೆಯುವವರನ್ನು ನೋಡಿ. ಕೆಟ್ಟ ಎಸೆತವನ್ನು ಯಾರೂ ಹಿಡಿಯಲಾರರು, ಅದಕ್ಕೇ ಕೈ ಕೆಳಗಿನಿಂದ ಮೆತ್ತಗೆ ಎಸೆಯುವುದನ್ನು ಕ್ಯಾಚ್‌ಗಿಂತ ಮುಂಚೆಯೇ ಕಲಿಸಿರಬೇಕು. ಚೆಂಡಿನ ಬಣ್ಣ ಹಿನ್ನೆಲೆಯಿಂದ ಎದ್ದು ಕಾಣಬೇಕು ಎಂಬುದೂ ಮರೆಯಬಾರದ ವಿಷಯ.

ಔಟಾದವರು ಎಲ್ಲಿಗೆ ಹೋಗುತ್ತಾರೆ

ಔಟಾದವರು ಹೊರಗೆ ಕೂರುವ ಆಟದಲ್ಲಿ ಮೊದಲು ಹೊರಗೆ ಹೋಗುವುದು ನಿಧಾನವಾಗಿ ಓಡುವ ಮಗು, ಅಂದರೆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕಾದ ಮಗು. ನಿಯಮವನ್ನು ಸ್ವಲ್ಪ ತಿರುಗಿಸಿ: ಔಟಾದವರು ಗಡಿಯ ಹೊರಗೆ ಐದು ಸಲ ಜಿಗಿದು ಮತ್ತೆ ಒಳಗೆ ಬರಲಿ, ಅಥವಾ ಕಾಲು ಅಗಲಿಸಿ ನಿಲ್ಲಲಿ, ಗೆಳೆಯರೊಬ್ಬರು ಬಂದು ಭುಜ ತಟ್ಟಿದರೆ ಬಿಡುಗಡೆ. ರಿಲೇ ಓಡಿಸುವುದಾದರೆ ತಂಡಕ್ಕೆ ಮೂವರು ಅಥವಾ ನಾಲ್ವರು, ಅದಕ್ಕಿಂತ ಹೆಚ್ಚು ಬೇಡ. ಒಬ್ಬರಿಗೊಬ್ಬರು ಚೆಂಡಿನಿಂದ ಹೊಡೆಯುವ ಆಟಗಳನ್ನು ಬಿಟ್ಟುಬಿಡಿ. ಕ್ಯಾಚ್‌ನಲ್ಲಿ ವಾರಗಟ್ಟಲೆ ಹೋಗಲಾಡಿಸಿದ ಹೆದರಿಕೆಯನ್ನು ಒಂದೇ ಪೀರಿಯಡ್‌ನಲ್ಲಿ ಅವು ವಾಪಸು ತರುತ್ತವೆ.

ಶಿಕ್ಷೆಯಾಗಿ ಓಡಿಸುವುದು, ಬಸ್ಕಿ ಹೊಡೆಸುವುದು ಬೇಡ. ಯಾವುದನ್ನು ಮಕ್ಕಳು ಜೀವನವಿಡೀ ಪ್ರೀತಿಯಿಂದ ಮಾಡಲಿ ಎಂದು ಬಯಸುತ್ತೇವೋ ಅದನ್ನೇ ದಂಡನೆ ಮಾಡಿದ ಹಾಗಾಗುತ್ತದೆ.

ಗಾಲಿಕುರ್ಚಿಯಲ್ಲಿರುವ, ಕಣ್ಣು ಮಂದವಿರುವ, ಬೇಗ ದಣಿಯುವ ಮಗುವನ್ನು ಅಂಕ ಬರೆಯಲು ಕೂರಿಸಿದರೆ ಅದು ಪಾಠವಲ್ಲ. ಬದಲಿಸಲು ನಾಲ್ಕು ವಿಷಯಗಳಿವೆ: ಜಾಗ, ಕೆಲಸ, ಸಾಮಾನು, ಜೊತೆಗಾರರು. ದೂರ ತಗ್ಗಿಸಬಹುದು, ಚೆಂಡಿನೊಳಗೆ ಗೆಜ್ಜೆ ಹಾಕಬಹುದು, ಎರಡು ಪುಟಿತಕ್ಕೆ ಅವಕಾಶ ಕೊಡಬಹುದು. ಯಾವುದು ಬೇಕೆಂದು ಮಗುವನ್ನೇ ಕೇಳಿ.

ಬಿಸಿಲು, ಉಸಿರು, ಪೆಟ್ಟು

ಶುರುವಿನ 5 ನಿಮಿಷ ನಿಧಾನ ಓಟ, ಪಕ್ಕದೋಟ, ಮೊಣಕಾಲೆತ್ತುವುದು, ಕೈ ಸುತ್ತಿಸುವುದು. ಚಿಕ್ಕ ಮಕ್ಕಳನ್ನು ನಿಲ್ಲಿಸಿ ಸ್ನಾಯು ಎಳೆಸುವ ಅಗತ್ಯ ಆರಂಭದಲ್ಲಿ ಇಲ್ಲ, ನಿಂತ ಮೈ ಬೆಚ್ಚಗಾಗುವುದಿಲ್ಲ. 15–20 ನಿಮಿಷಕ್ಕೊಮ್ಮೆ ನೀರು ಕುಡಿಸಿ. ಬಾಯಾರಿಕೆಯಾದರೂ ಆಟದ ಭರದಲ್ಲಿ ಮಕ್ಕಳು ಕೇಳುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಎಂದರೆ ಕೂಡಲೇ ನೆರಳಿಗೆ ಕರೆತಂದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ, ಗುಟುಕು ಗುಟುಕಾಗಿ ನೀರು ಕೊಡಿ. ಮಾತು ತೊದಲಿದರೆ, ಗೊಂದಲಗೊಂಡರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ, ಮೈ ತಣಿಸುತ್ತಲೇ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಅಸ್ತಮಾ ಇರುವ ಮಗುವಿನ ಇನ್ಹೇಲರ್ ತರಗತಿಯ ಚೀಲದಲ್ಲಿ ಇದ್ದರೆ ಸಾಲದು, ಮೈದಾನದಲ್ಲಿ ಇರಬೇಕು.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆಗೆ ಪೆಟ್ಟು ಬಿದ್ದ ಮಗು ‘ನನಗೇನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಆಟಕ್ಕಿಲ್ಲ, ಮನೆಯವರಿಗೆ ಅಂದೇ ತಿಳಿಸಬೇಕು.

ಪೀರಿಯಡ್ ಮುಗಿಯುವ ಮುಂಚಿನ 3 ನಿಮಿಷ ನಿಧಾನ ನಡಿಗೆ, ಸಾಮಾನು ಜೋಡಿಸುವುದು. ಚೆಂಡು ಎಣಿಸುವ ಜವಾಬ್ದಾರಿ ವಾರಕ್ಕೊಂದು ಜೋಡಿಗೆ ಇರಲಿ.

ಎಲ್ಲರನ್ನೂ ಒಂದೇ ದಿನ ಪರೀಕ್ಷಿಸಲು ಹೋದರೆ ಮತ್ತೆ ಸಾಲು ಹುಟ್ಟುತ್ತದೆ. ದಿನಕ್ಕೆ ಆರು ಮಕ್ಕಳನ್ನು ಆರಿಸಿಕೊಂಡು, ಅವರು ಆಡುತ್ತಿರುವಾಗಲೇ ಗಮನಿಸಿ. ಸಣ್ಣ ಪುಸ್ತಕದಲ್ಲಿ ಹೆಸರಿನ ಮುಂದೆ ‘ಎದುರು ಕಾಲು ಮುಂದೆ ಬಂತು’, ‘ಕಣ್ಣು ಮುಚ್ಚುತ್ತಾಳೆ, ಚೀಲಕ್ಕೆ ಹಿಂದಿರುಗಬೇಕು’ ಎಂದು ಒಂದು ಸಾಲು ಬರೆದರೆ ಸಾಕು. ಓಟದ ಸಮಯ, ಎತ್ತರ, ತೂಕ ಇವನ್ನು ಎಲ್ಲರೆದುರು ಓದಬೇಡಿ. ನಲವತ್ತು ಮಕ್ಕಳ ತರಗತಿಯಾದರೆ ಏಳು ಪೀರಿಯಡ್‌ಗಳಲ್ಲಿ ಎಲ್ಲರನ್ನೂ ಒಂದು ಸುತ್ತು ನೋಡಿದಂತಾಗುತ್ತದೆ. ಮುಂದಿನ ತಿಂಗಳಿನ ಪಾಠವನ್ನು ಆ ಪುಸ್ತಕ ನೋಡಿಕೊಂಡು ಬರೆಯಿರಿ.