ಕೊನರೆ ಮೋರ್ ಕಥೆಯನ್ನು ನಾನು ಹೇಳುವ ರೀತಿ

ನಾನು ಕಥೆ ಹೇಳುವವನು. ಐರ್ಲೆಂಡಿನ ತಾರಾದಲ್ಲಿ ಆಳಿದ ಅಂತ ಹೇಳುವ ಕೊನರೆ ಮೋರ್ ರಾಜನ ಕಥೆ ಕೈಗೆತ್ತಿಕೊಂಡಾಗ ಮೊದಲು ತಲೆ ತಿಂದಿದ್ದು ಅವನ ಕಟ್ಟಳೆಗಳು. ಹಕ್ಕಿ ಹೊಡೆಯಬಾರದು, ತಾರಾವನ್ನು ಬಲಕ್ಕೆ ಸುತ್ತಬಾರದು, ಆಳ್ವಿಕೆಯಲ್ಲಿ ಲೂಟಿ ನಡೆಯಬಾರದು, ಕೆಂಪಿನವನ ಮನೆಗೆ ಹೋಗುವಾಗ ಮೂವರು ಕೆಂಪು ಜನ ಮುಂದೆ ಹೋಗಬಾರದು, ಹೀಗೆ ಉದ್ದಕ್ಕೆ ಇದೆ. ಎಲ್ಲಾ ಒಟ್ಟಿಗೆ ಹೇಳಿದರೆ ಕೇಳುವವರು ಆಕಳಿಸುತ್ತಾರೆ. ಹಾಗಾಗಿ ಹಕ್ಕಿಗಳ ರಾಜ ನೆಮ್‌ಗ್ಲಾನ್ ಬಾಯಲ್ಲಿ ಈ ನಾಲ್ಕನ್ನೇ ಹೇಳಿಸುತ್ತೇನೆ, ಉಳಿದವು ದಾರಿಯಲ್ಲಿ ಬರಲಿ.

ನಿಜವಾಗಿ ಸಮಯ ಕೊಡಬೇಕಾದ್ದು ಒಬ್ಬ ರೈತನಿಗೆ. ರಾಜನ ಜೊತೆ ಬೆಳೆದ ಅಣ್ಣತಮ್ಮಂದಿರು ಮೂವರು ಪ್ರತಿ ವರ್ಷ ಅದೇ ರೈತನ ಹಂದಿ, ಎತ್ತು, ಹಸು ಕದಿಯುತ್ತಾರೆ, ರಾಜ ಏನು ಮಾಡುತ್ತಾನೆ ನೋಡೋಣ ಅಂತ. ರೈತ ದೂರು ಕೊಟ್ಟರೆ ಕೊನರೆ, ‘ಹೋಗಿ ಅವರನ್ನೇ ಕೇಳು’ ಅನ್ನುತ್ತಾನೆ! ಕೇಳಲು ಹೋದವನಿಗೆ ಜೀವ ಹೋಗುವಷ್ಟು ಹೊಡೆತ. ಆಮೇಲೆ ಇವರು ದೊಡ್ಡ ಗುಂಪು ಕಟ್ಟಿ ಲೂಟಿಗೆ ಇಳಿದಾಗ ರಾಜ ಕೊಟ್ಟ ತೀರ್ಪು ನೋಡಿ: ಉಳಿದವರನ್ನು ಅವರವರ ಅಪ್ಪಂದಿರೇ ಕೊಲ್ಲಲಿ, ನನ್ನವರನ್ನು ಬಿಡಿ. ಇದು ತಪ್ಪು ಅಂತ ಅವನಿಗೇ ಹೊಳೆದು, ಎಲ್ಲರನ್ನೂ ಸಮುದ್ರದಾಚೆ ಅಲ್ಬಾಗೆ, ಅಂದರೆ ಸ್ಕಾಟ್ಲೆಂಡಿಗೆ, ಓಡಿಸುತ್ತಾನೆ. ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ನೆ ಇರುತ್ತೇನೆ. ಕೂತವರಲ್ಲಿ ಯಾರಾದರೂ ‘ಕೊಲ್ಲಬೇಕಿತ್ತು’ ಅಂತಾರೆ, ಇನ್ನೊಬ್ಬರು ಜಗಳಕ್ಕೆ ಬರುತ್ತಾರೆ. ಅಷ್ಟು ಸಾಕು.

ಕೆಂಪಿನವನ ಮನೆಗೆ, ಅಂದರೆ ದಾ ದೆರ್ಗನ ಛತ್ರಕ್ಕೆ, ರಾಜ ಹೋಗುವಾಗ ಮುಂದೆ ಸಾಗುವ ಮೂವರು ಕೆಂಪು ಸವಾರರನ್ನು ತರಾತುರಿಯಲ್ಲಿ ದಾಟಿಸಬೇಡಿ. ಬಟ್ಟೆ ಕೆಂಪು, ಕೂದಲು ಕೆಂಪು, ಕುದುರೆಯೂ ಕೆಂಪು. ರಾಜನ ಮಗ ಎಷ್ಟು ಬೆನ್ನಟ್ಟಿದರೂ ಅವರು ಒಂದು ಈಟಿ ಎಸೆತದಷ್ಟು ದೂರವೇ ಇರುತ್ತಾರೆ. ‘ಬದುಕಿದ್ದರೂ ನಾವು ಸತ್ತವರು’ ಅಂತಾರೆ. ಈ ಮಾತನ್ನು ದನಿ ಏರಿಸದೆ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದರೇ ಮೈ ಜುಮ್ ಅನ್ನುತ್ತದೆ.

ರಾಜ ತಂಗಿದ ದಾ ದೆರ್ಗನ ಛತ್ರದ ಮೇಲೆ ಆ ಓಡಿಸಿದವರೇ ದಾಳಿಗೆ ಬರುತ್ತಾರೆ. ಅಲ್ಲಿ ಯಾವ ಕೋಣೆಯಲ್ಲಿ ಯಾರಿದ್ದಾರೆ ಅನ್ನುವ ವರ್ಣನೆ ಮೂಲದಲ್ಲಿ ಪುಟಗಟ್ಟಲೆ ಇದೆ. ಅದನ್ನು ಕತ್ತರಿಸಿದೆ. ರಾಜನ ಕೋಣೆಯೊಂದನ್ನು ಉಳಿಸಿಕೊಂಡೆ. ಯಾಕೆಂದರೆ ಒಳಗಿರುವವರನ್ನು ಗುರುತು ಹಿಡಿದು ಹೇಳುವವನು ಫೆರ್ ರೊಗಾನ್, ಓಡಿಸಿದ ಆ ಮೂವರಲ್ಲೇ ಒಬ್ಬ. ದಾಳಿಗೆ ಬಂದವನೇ ಅಳುತ್ತಾನೆ.

ಕೊನೆಗೆ ಬಾಯಾರಿದ ರಾಜನಿಗೆ ಅವನ ವೀರ ಮಾಕ್ ಕೆಹ್ತ್ ಎಲ್ಲೆಲ್ಲೋ ಅಲೆದು ನೀರು ತರುವಷ್ಟರಲ್ಲಿ ದಾಳಿಯವರು ರಾಜನ ತಲೆ ಕಡಿದಿರುತ್ತಾರೆ. ಅವನು ಆ ಬಾಯಿಗೇ ನೀರು ಹುಯ್ಯುತ್ತಾನೆ, ತಲೆ ಅವನನ್ನು ಹೊಗಳುತ್ತದೆ. ಮಕ್ಕಳಿದ್ದರೆ ಇದನ್ನು ಬಿಡಿ ಅಂತ ದೊಡ್ಡವರು ಹೇಳುತ್ತಾರೆ, ಆದರೆ ಮಕ್ಕಳು ಇನ್ನೊಂದು ಸಲ ಹೇಳಿ ಅಂತ ಕೇಳೋದು ಇದನ್ನೇ.